ನೀಲಗಂಗವ್ವನ ಮೊದಲನೇ ‘ಬ್ಯಾಡ’

ಬೆಟಗೇರಿಯ ನೇಕಾರರ ಓಣಿಯ ತುದಿಗೆ ನೀಲಗಂಗವ್ವನ ಖಾನಾವಳಿ ಇದೆ. ಅಲ್ಲಿ ಉಂಡವರಿಗೆಲ್ಲ ಒಂದು ಸಂಗತಿ ಗೊತ್ತು. ಮೊದಲ ಸಲ ‘ಸಾಕು’ ಅಂದರೆ ಆಕೆಗೆ ಕೇಳಿಸುವುದೇ ಇಲ್ಲ. ಎರಡನೇ ಸಲ ಅಂದರೆ ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಾಳೆ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು “ನಿಮ್ಮ ಕಾಲಿಗೆ ಬೀಳ್ತೀನ್ರಿ ಯಕ್ಕಾ” ಅಂದಾಗಲೇ ಬುಟ್ಟಿ ಮುಂದಿನವರ ಕಡೆ ಹೋಗುವುದು. ಕೆಲವರ ಬೆರಳ ಮೇಲೇ ಎಣ್ಣೆಗಾಯಿ ಬಿದ್ದದ್ದೂ ಉಂಟು, ಯಾರೂ ಸಿಟ್ಟಾಗಿಲ್ಲ. ಕೇಳಿದ ಕೂಡಲೇ ಹೂಂ ಅನ್ನುವವನು ಹೊಟ್ಟೆಬಾಕ, ಒಂದೇ ಮಾತಿಗೆ ಬಡಿಸದೆ ಹೋಗುವವಳು ಜಿಪುಣಿ ಎಂಬುದು ಈ ಕಡೆಯ ನ್ಯಾಯ.

ಉಣ್ಣಿಸುವುದರಲ್ಲಿ ಇಷ್ಟು ಗಟ್ಟಿಗಿತ್ತಿಯಾದ ಈ ಹೆಂಗಸು ತಾನು ಕೂತು ಉಂಡದ್ದನ್ನು ಮಾತ್ರ ಕಂಡವರಿಲ್ಲ. ಒಲೆ ಮುಂದೆ ನಿಂತು ಒಂದು ತುಂಡು ರೊಟ್ಟಿ, ಪಾತ್ರೆ ಎತ್ತಿಡುತ್ತ ಒಂದು ತುತ್ತು ಅನ್ನ, ಮುಗಿಯಿತು. ಗಂಡ ತೀರಿಕೊಂಡ ಮೇಲೆ ಖಾನಾವಳಿಯನ್ನೂ ಮಗಳನ್ನೂ ಒಬ್ಬಳೇ ಸಂಬಾಳಿಸಿದವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಮಗಳು ವಿದ್ಯಾಶ್ರೀ ಊಟಕ್ಕೆ ಕರೆದಾಗಲೆಲ್ಲ “ನಂದಾತು, ನೀ ಉಣ್ಣು” ಅನ್ನುವುದೇ ಉತ್ತರ.

ಆ ವಿದ್ಯಾಶ್ರೀ ಈಗ ಸೈಪ್ರಸ್ ದ್ವೀಪದ ಸಮುದ್ರದಂಡೆಯ ಊರೊಂದರಲ್ಲಿ ನರ್ಸು. ಈ ಬೇಸಿಗೆಯಲ್ಲಿ ಹಟ ಹಿಡಿದು ತಾಯಿಯನ್ನು ಕರೆಸಿಕೊಂಡಳು. ವಿಮಾನ ಇಳಿದ ಗಳಿಗೆಯಲ್ಲೇ ಕೈ ಹಿಡಿದು ಹೇಳಿದಳು:

“ಅವ್ವಾ, ಊರು ನೋಡದಿದ್ರೂ ನಡೀತೈತಿ. ಒಂದ ಊಟ ನನ್ನ ಎದುರಿಗೆ ಕುಂತು ಹೊಟ್ಟಿ ತುಂಬ ಉಣ್ಣು. ನಾ ಸಣ್ಣಾಕಿ ಇದ್ದಾಗಿಂದ ಇದೊಂದ ಆಸೆ.”

“ಅಯ್ಯ, ಅದೇನ ದೊಡ್ಡ ಮಾತು!” ಅಂದಳು ನೀಲಗಂಗವ್ವ.

ಸಂಜೆಗೆ ಹೊರಟರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಬೀದಿಯ ಉದ್ದಕ್ಕೂ ಮೇಜು ಕುರ್ಚಿ, ಹಾಡು, ಕೇಕೆ, ಬಿಸಿಲಿಗೆ ಕೆಂಪಗಾದ ಪ್ರವಾಸಿಗಳು. ಅವರ ಮೈಮೇಲಿನ ಬಟ್ಟೆ ಮಾತ್ರ ಬಹಳ ಉಳಿತಾಯದ್ದು.

“ಇಡೀ ಊರ ಬೀದ್ಯಾಗ ಉಣ್ಣಾಕ ಕುಂತೈತಲ್ಲ! ಯಾರ ಮನಿ ಮದುವಿ ಐತಿ?”

“ಯಾರ್ದೂ ಅಲ್ಲವ್ವಾ. ಇಲ್ಲಿ ದಿನಾ ಹಿಂಗ.”

ವಿದ್ಯಾಶ್ರೀ ಮಾಂಸವಿಲ್ಲದ ಮೆಝೆ ಹೇಳಿದಳು. ಸಣ್ಣ ಸಣ್ಣ ತಾಟುಗಳಲ್ಲಿ ಒಂದರ ಹಿಂದೆ ಒಂದು ಬಗೆ ಬರುವ ಊಟ ಅದು. ಬಡಿಸುವವಳು ಹೋಟೆಲಿನ ಒಡತಿಯೇ, ಎಲೆನಿ ಅಂತ, ಹೆಚ್ಚುಕಡಿಮೆ ನೀಲಗಂಗವ್ವನ ವಾರಿಗೆಯವಳು. ಮೊದಲು ಕಡಲೆ ರುಬ್ಬಿದ್ದು ಬಂತು. ನೀಲಗಂಗವ್ವ ನೆಕ್ಕಿ ನೋಡಿ ತೀರ್ಪು ಕೊಟ್ಟಳು. “ನುಣ್ಣಗ ರುಬ್ಬ್ಯಾರ. ಬಳ್ಳೊಳ್ಳಿ ಹಾಕ್ಯಾರ. ಖಾರ ಮರ್ತಾರ.”

ಆಮೇಲೆ ಬಂದದ್ದು ಹಲ್ಲೂಮಿ. ಹೊರಗೆ ಕೆಂಪಗೆ ಸುಟ್ಟ, ಒಳಗೆ ಮೆತ್ತಗಿನ ಉಪ್ಪುಪ್ಪು ಚೀಸು. ಒಂದು ತುಂಡು ಬಾಯಿಗೆ ಹೋದದ್ದೇ ತಡ, ನೀಲಗಂಗವ್ವ ಕಣ್ಣು ಮುಚ್ಚಿದಳು. ಜೀವನದಲ್ಲಿ ಇಂಥದ್ದು ತಿಂದಿರಲಿಲ್ಲ. ಅಷ್ಟರಲ್ಲಿ ಎಲೆನಿ ಬಿಸಿಬಿಸಿ ಇನ್ನೊಂದು ತಾಟು ತಂದು, ಹಾಕಲೇ ಎಂಬಂತೆ ಹುಬ್ಬು ಹಾರಿಸಿದಳು. ಮರ್ಯಾದಸ್ಥರು ಯಾರೇ ಆಗಲಿ ಮಾಡುವುದನ್ನೇ ನೀಲಗಂಗವ್ವ ಮಾಡಿದಳು. ನಾಚಿ, ಕೈ ಅಲ್ಲಾಡಿಸಿ, “ನೋ, ನೋ” ಅಂದಳು.

“ಓಕೆ” ಅಂದ ಎಲೆನಿ ತಾಟು ಎತ್ತಿಕೊಂಡು ಪಕ್ಕದ ಮೇಜಿಗೆ ನಡೆದೇಬಿಟ್ಟಳು.

ನೀಲಗಂಗವ್ವ ಬಿಟ್ಟ ಕಣ್ಣು ಬಿಟ್ಟಂತೆ ಕೂತಳು. “ಹೋದಳಲ್ಲ!”

“ನೀನ ಬ್ಯಾಡಂದ್ಯಲ್ಲವ್ವಾ.”

“ಅಂದ್ನಿ. ಒಮ್ಮಿ ಅಂದ್ನಿ!”

“ಇಲ್ಲಿ ಒಮ್ಮಿ ಅಂದ್ರ ಮುಗೀತು.”

ಗೊತ್ತಾದರೇನು, ನಾಲಿಗೆ ಕೇಳಬೇಕಲ್ಲ? ಬೀನ್ಸಿನ ಪಲ್ಯ ಬಂದಾಗಲೂ ‘ನೋ’ ಹಾರಿತು, ಹುರಿದ ಆಲೂಗಡ್ಡೆ ಬಂದಾಗಲೂ ಹಾರಿತು. ಎಲೆನಿ ಪ್ರತಿ ಸಲವೂ ಗೌರವದಿಂದ ತಲೆಬಾಗಿ ಎತ್ತಿಕೊಂಡು ಹೋದಳು. ಹಸಿವು ಏರಿತು, ಅದರ ಜೊತೆ ಸಿಟ್ಟೂ ಏರಿತು.

“ಇಂಥಾಕಿ ನಮ್ಮೂರಾಗ ಖಾನಾವಳಿ ಇಟ್ಟಿದ್ರ ವಾರದಾಗ ಬಾಗಲಾ ಹಾಕ್ತಿದ್ಲು. ಇನ್ನೊಮ್ಮಿ ಕೇಳಿದ್ರ ಬಾಯಿ ಸವೀತೈತೇನು?”

ವಿದ್ಯಾಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಇಳಿದ ಮೇಲೆ ತಾಯಿಯ ಕಡೆ ಬಾಗಿ ಕೇಳಿದಳು.

“ಅವ್ವಾ, ಮನ್ಯಾಗ ನಂದಾತು ಅಂತಿದ್ದ್ಯಲ್ಲ. ಖರೇನ ಆಗಿರ್ತಿತ್ತೇನು?”

ನೀಲಗಂಗವ್ವ ಊಟದ ಜೊತೆ ಕೊಟ್ಟಿದ್ದ ರೊಟ್ಟಿಯ ಚೂರನ್ನು ಬೆರಳಲ್ಲಿ ತಿರುವಿದಳು. “ಒಮ್ಮೊಮ್ಮಿ ಆಗಿರ್ತಿತ್ತು.”

“ನಾನೂ ಇನ್ನೊಮ್ಮಿ ಕೇಳಲೇ ಇಲ್ಲ.”

ಊರವರಿಗೆಲ್ಲ ಕೈ ಸರಿಸಿ ಬಡಿಸಿದ ತನ್ನನ್ನು ಎರಡನೇ ಸಲ ಯಾರೂ ಕೇಳಿರಲಿಲ್ಲ ಎಂಬುದು ನೀಲಗಂಗವ್ವನಿಗೂ ಈಗಲೇ ಹೊಳೆದದ್ದು. ದುಃಖವೇ ಆಯಿತು. ಮಗಳ ಮೇಲೆ ಸಿಟ್ಟು ಬರಲಿಲ್ಲ. ಬಾಯಿಬಿಟ್ಟು ಹೇಳದ ತನ್ನ ಮೇಲೇ ಸ್ವಲ್ಪ ಬಂತು.

ಎಲೆನಿ ಮತ್ತೆ ಹಲ್ಲೂಮಿ ಹಿಡಿದು ಈ ಕಡೆ ಬಂದಳು. ತಾಯಿಯ ಪರವಾಗಿ ಹೇಳಲು ವಿದ್ಯಾಶ್ರೀ ಬಾಯಿ ತೆರೆದಳು.

“ತಡಿ. ನಾನ ಹೇಳ್ತೀನಿ.”

ಸಣ್ಣ ಮಾತು, ಆದರೂ ನಾಚಿಕೆಗೆ ಆಕೆಯ ಕಿವಿ ಬೆಚ್ಚಗಾದವು. ನೀಲಗಂಗವ್ವ ತಾಟು ಎತ್ತಿ ಮುಂದೆ ಹಿಡಿದಳು. “ಬೇಕು. ಹಾಕವಾ.”

ಎಲೆನಿಗೆ ಕನ್ನಡ ಎಲ್ಲಿಂದ ಬರಬೇಕು? ಚಾಚಿದ ತಾಟು ಅರ್ಥವಾಯಿತು. ಎರಡು ತುಂಡು ಹಾಕಿದಳು. ತಾಟು ಹಿಂದೆ ಸರಿಯಲಿಲ್ಲ. ನಕ್ಕು ಇನ್ನೆರಡು ಹಾಕಿದಳು.

ನೀಲಗಂಗವ್ವ ಕುರ್ಚಿ ಮುಂದಕ್ಕೆಳೆದುಕೊಂಡು ಅವಸರವಿಲ್ಲದೆ ಉಣ್ಣತೊಡಗಿದಳು. ಎದುರಿಗೆ ವಿದ್ಯಾಶ್ರೀ ಖಾಲಿ ತಾಟು ಇಟ್ಟುಕೊಂಡು ನೋಡುತ್ತಲೇ ಇದ್ದಳು.

“ಏನ ನೋಡಾಕತ್ತಿ?” ಅಂದಳು ನೀಲಗಂಗವ್ವ, ಬಾಯಿ ತುಂಬಿಕೊಂಡೇ. “ನಿನ್ನ ತಾಟಿಗೆ ನೀನ ಹಾಕ್ಕೋ. ನಾ ಉಣ್ಣಾಕತ್ತೀನಿ.”