ಚಕ್ರಕ್ಕೆ ಹಲ್ಲು ಕಟ್ಟಿದವರು

ನಮ್ಮ ಎದುರುಮನೆಯವರನ್ನು ಬೀದಿಯೆಲ್ಲ ಹಲ್ಲುಮೇಸ್ತ್ರಿ ಎಂದೇ ಕರೆಯುತ್ತಿತ್ತು. ಅದರಲ್ಲಿ ತಮಾಷೆಯೂ ಇತ್ತು, ಮರ್ಯಾದೆಯೂ ಇತ್ತು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲು ಮಾಡುವುದು ಅವರ ಕಸುಬು. “ಈ ಊರಲ್ಲಿ ಅರ್ಧ ಮುದುಕರು ನಗೋದು ನನ್ನ ಹಲ್ಲಲ್ಲೇ” ಎಂದು ಆಗಾಗ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಆಮೇಲೆ ಹಲ್ಲು ಕೊರೆಯುವ ಕಂಪ್ಯೂಟರ್ ಯಂತ್ರ ಬಂತು. ಕೆಲಸ ಕೊಡುತ್ತಿದ್ದ ಹಲ್ಲಿನ ಲ್ಯಾಬಿನವರು ಇವರಿಗೆ ಕೈಮುಗಿದು ಮನೆಗೆ ಕಳಿಸಿದರು.

ಸುಮ್ಮನೆ ಕೂರುವ ಜೀವವಲ್ಲ ಅದು. ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಉಪ್ಪು ಎಲ್ಲಿದೆಯೆಂದು ಹೆಂಡತಿಗೇ ತಿಳಿಯದಂತಾಯಿತು. ನೆಟ್ಟಗಿದ್ದ ನಲ್ಲಿ ಬಿಚ್ಚಿ ಸೋರುವಂತೆ ಮಾಡಿದರು. ರೋಸಿಹೋದ ಹೆಂಡತಿ ಒಂದು ದಿನ ತನ್ನ ಅಕ್ಕನ ಮನೆಯ ಅಟ್ಟದಲ್ಲಿ ಬಿದ್ದಿದ್ದ ಹಳೇ ಫೋನೋಗ್ರಾಫನ್ನು, ಅಂದರೆ ಕೀಲಿ ಕೊಟ್ಟರೆ ಹಾಡುವ ಪೆಟ್ಟಿಗೆಯನ್ನು, ಹೊರಿಸಿಕೊಂಡು ಬಂದು ಗಂಡನ ಮುಂದೆ ಇಟ್ಟರು.

“ರೀ, ಇದರ ಚಕ್ರದ ಹಲ್ಲು ಸವೆದುಹೋಗಿದೆಯಂತೆ. ಹಲ್ಲು ಕಟ್ಟೋರು ತಾನೇ ನೀವು? ಇದಕ್ಕೂ ಕಟ್ಟಿ. ನನ್ನ ನಲ್ಲಿ ಸಹವಾಸ ಬಿಡಿ.”

ಮೇಸ್ತ್ರಿ ಪೆಟ್ಟಿಗೆಯ ತಿರುಪು ಬಿಚ್ಚಿದರು. ಒಳಗಿನ ಹಿತ್ತಾಳೆ ಚಕ್ರ ಬೊಚ್ಚುಬಾಯಿಯ ಅಜ್ಜಿಯಂತಿತ್ತು. ಅವರ ಮುಖ ಅರಳಿತು. ಸವೆದ ಹಲ್ಲುಗಳನ್ನು ಮೇಣದಲ್ಲಿ ತಿದ್ದಿ, ಅಚ್ಚು ತೆಗೆದು, ಹಿತ್ತಾಳೆ ಎರಕ ಹೊಯ್ದು, ಹಳೇ ಚಕ್ರಕ್ಕೆ ಬೆಸೆದರು. ಇನ್ನು ಅರದಿಂದ ಉಜ್ಜಿ ಹದಕ್ಕೆ ತರುವುದಷ್ಟೇ ಬಾಕಿ. ಅಷ್ಟರಲ್ಲಿ ಸ್ಪ್ರಿಂಗಿನ ಡಬ್ಬಿಯನ್ನೂ ಒಮ್ಮೆ ನೋಡಿಬಿಡೋಣ ಎಂದು ಮುಚ್ಚಳ ಮೀಟಿದರು. ವರ್ಷಗಟ್ಟಲೆ ಸುತ್ತಿಕೊಂಡೇ ಕೂತಿದ್ದ ಉಕ್ಕಿನ ಪಟ್ಟಿ ಚಂಗನೆ ಹೊರಗೆ ಹಾರಿ ಎಡಗೈಯನ್ನು ಸೀಳಿಹಾಕಿತು. ಹೊಲಿಗೆ ಬಿಚ್ಚಿದ ಮೇಲೂ ಆ ಕೈಯ ಎರಡು ಬೆರಳು ಮಡಚಲಿಲ್ಲ.

ಮೇಸ್ತ್ರಿ ಕೆಲಸದ ಮೇಜಿನ ಕಡೆ ಹೋಗುವುದನ್ನೇ ಬಿಟ್ಟರು. ಊಟಕ್ಕೆ ಕರೆದರೆ ಬರುವರು, ತಟ್ಟೆ ನೋಡುತ್ತ ಕೂರುವರು. “ಆ ಪೀಡೇನ ನಾನೇ ಕೈಯಾರೆ ತಂದಿಟ್ಟೆ” ಎಂದು ಆಕೆ ನಮ್ಮನೆಗೆ ಬಂದು ಕಣ್ಣೊರೆಸಿಕೊಂಡರು. ವಾಪಸು ಕಳಿಸಲೆಂದು ಒಂದು ಬೆಳಿಗ್ಗೆ ಬಿಡಿಭಾಗಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟತೊಡಗಿದಾಗ ಮೇಸ್ತ್ರಿ ತಲೆಯೆತ್ತಿದರು.

“ಚಕ್ರ ಒಂದು ಇರಲಿ. ಬಾಯಿ ಅರ್ಧಕ್ಕೇ ಬಿಟ್ಟು ಯಾರನ್ನೂ ಕಳಿಸಿದೋನಲ್ಲ ನಾನು. ಆದರೆ ಹಿಡಿಯೋಕೆ ಕೈಯೆಲ್ಲಿದೆ?”

ಆಕೆ ಗಂಟು ಬಿಚ್ಚಿ, ಕುರ್ಚಿ ಎಳೆದು ಎದುರಿಗೆ ಕೂತರು. “ಎಲ್ಲಿ ಹಿಡೀಬೇಕು, ಹೇಳಿ.”

“ಒಂದಿಷ್ಟೂ ಅಲ್ಲಾಡಬಾರದು ಮತ್ತೆ.”

“ನಿಮ್ಮನ್ನೇ ಇಷ್ಟು ವರ್ಷ ಅಲ್ಲಾಡದ ಹಾಗೆ ಹಿಡಿದಿದೀನಿ. ಇದೇನು ಮಹಾ!”

ಆಕೆ ಹಿಡಿದರು, ಅವರು ಉಜ್ಜಿದರು. ಚಕ್ರ ಕೂತಿತು, ಸ್ಪ್ರಿಂಗು ಕೂತಿತು, ಪೆಟ್ಟಿಗೆ ಹಾಡಿತು. ಮೇಸ್ತ್ರಿ ಮಗುವಿನಂತೆ ಕುಣಿಯುವುದೊಂದು ಬಾಕಿ. ಹೆಂಡತಿ ಮಾತ್ರ ಹುಬ್ಬು ಗಂಟಿಕ್ಕಿದರು.

“ಸ್ವರ ನಡುಗ್ತಿದೆ, ರೀ.”

“ನಿನ್ನ ಕಿವಿ ನಡುಗ್ತಿರಬೇಕು.”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪಕ್ಕದ ಬೀದಿಯ ಸಂಗೀತದ ಟೀಚರನ್ನು ಪಂಚಾಯಿತಿಗೆ ಕರೆಸಿದರು. ಅವರು ಕಣ್ಮುಚ್ಚಿ ಕೇಳಿ, “ಹೌದು ಮೇಸ್ತ್ರಿ, ಅಲೆ ಬಂದ ಹಾಗೆ ಏರಿಳೀತಿದೆ” ಎಂದರು. ಮೇಸ್ತ್ರಿಯ ಮುಖ ಸಪ್ಪಗಾಯಿತು. ಸಂಜೆ ಹೆಂಡತಿಯನ್ನು ಮೆಲ್ಲಗೆ ಕೇಳಿದರು: “ನಿಂಗೆ ಅದು ಹೇಗೆ ಗೊತ್ತಾಯ್ತು?”

“ಮದುವೆಗೆ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇದ್ನಲ್ಲ. ಹಲೋ ಅಂದ ತಕ್ಷಣ ಯಾರು, ಯಾವ ಮೂಡಲ್ಲಿದಾರೆ ಅಂತ ಹೇಳ್ತಿದ್ದೆ. ನೀವು ಯಾವತ್ತು ಕೇಳಿದ್ರಿ?”

ಮರುದಿನ ಪೆಟ್ಟಿಗೆ ಬಿಚ್ಚಿ, ವೇಗ ಹಿಡಿದಿಡುವ ಪುಟ್ಟ ಗುಂಡುಗಳು ಸುತ್ತುವುದನ್ನೇ ಇಬ್ಬರೂ ನೋಡಿದರು. ಅವುಗಳ ಕಡ್ಡಿ ಕೂರುವ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಆ ತೂತಿಗೆ ಹಿತ್ತಾಳೆಯ ಹೊಸ ಬಳೆಯೊಂದನ್ನು ಕೂರಿಸಿದರು. ಹೆಂಡತಿ ಕಿವಿಗೊಟ್ಟು ಕೇಳಿ, “ಈಗ ನಡುಕ ನಿಂತಿತು” ಎಂದರು.

ಅಕ್ಕನ ಪೆಟ್ಟಿಗೆ ಅವಳ ಮನೆ ಸೇರಿತು. ಆದರೆ ಇವರ ಕೈ, ಆಕೆಯ ಕಿವಿಯ ಸುದ್ದಿ ಹಬ್ಬಿ, ಯಾರ್ಯಾರದೋ ಅಟ್ಟದ ಪೆಟ್ಟಿಗೆಗಳು ಈ ಮನೆಯ ಮೆಟ್ಟಿಲು ಹತ್ತತೊಡಗಿದವು. ಬಂದವರು ಬಾಗಿಲಲ್ಲೇ “ಅಮ್ಮ ಇದ್ದಾರಾ?” ಎಂದು ಕೇಳಿದರೆ ಮೇಸ್ತ್ರಿಗೆ ಒಳಗೊಳಗೇ ಚುರುಕ್ ಎನ್ನುತ್ತಿತ್ತು. “ಯಾಕೆ, ಅಪ್ಪ ಸಾಲದಾ?” ಎನ್ನುತ್ತಿದ್ದರು.

ಅಕ್ಕನಿಗೆ ಹುಷಾರಿಲ್ಲವೆಂದು ಆಕೆ ಕೆಲವು ದಿನ ಹೋಗಿದ್ದಾಗ ಗಿರಾಕಿಯೊಬ್ಬ ಬಂದು ಅವಸರಪಡಿಸಿದ.

“ಹಾಡ್ತಿದೆಯಲ್ಲ ಸ್ವಾಮಿ, ಕೊಟ್ಟುಬಿಡಿ.”

“ಹಾಡ್ತಿದೆ. ಆದ್ರೆ ಮನೆಯವಳು ಕೇಳಿ ಸರಿ ಅನ್ನದೆ ಇಲ್ಲಿಂದ ಯಾವ ಪೆಟ್ಟಿಗೆಯೂ ಹೊರಗೆ ಹೋಗಲ್ಲ. ನನ್ನ ಕಿವಿ ಅಷ್ಟಕ್ಕಷ್ಟೇ” ಎಂದು ಮೇಸ್ತ್ರಿ ಬೀದಿಗೆ ಕೇಳುವಂತೆಯೇ ಹೇಳಿದರು.

ಈ ಮಾತನ್ನು ಆಕೆ ಊರಿಗೆ ಮರಳಿದ ದಿನ ನಾನೇ ಗೇಟಿನ ಬಳಿ ನಿಂತು ಚಾಚೂ ತಪ್ಪದೆ ಒಪ್ಪಿಸಿದೆ. ಆಕೆ ಚೀಲವನ್ನು ಬಾಗಿಲಲ್ಲೇ ಇಳಿಸಿ, ಕಾಲೂ ತೊಳೆಯದೆ ನೇರ ಮೇಜಿನ ಹತ್ತಿರ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

“ಹಾಕ್ರೀ, ಕೇಳೋಣ.”