ಎತ್ತುವ ಮುಂಚೆ ಒಂದು ಫೋಟೊ

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಹಾಸನದಲ್ಲಿ ವಾರ್ತಾಧಿಕಾರಿಯಾಗಿದ್ದೆ. ಸರ್ಕಾರದ ಸುದ್ದಿಯನ್ನು ಪತ್ರಿಕೆ, ಚಾನೆಲ್‌ಗಳಿಗೆ ಮುಟ್ಟಿಸುವ ಹುದ್ದೆ ಅದು. ಮಂತ್ರಿಗಳು ಬಂದಾಗ ವರದಿಗಾರರಿಗೆ ಕುರ್ಚಿ ಹಾಕಿಸುವವನೂ ನಾನೇ. ಸರ್ವೀಸಿನುದ್ದಕ್ಕೂ ಕ್ಯಾಮೆರಾದವರನ್ನು ‘ಮುಂದೆ ಬನ್ನಿ, ಮುಂದೆ ಬನ್ನಿ’ ಎಂದು ಕರೆದವನಿಗೆ ‘ಹಿಂದೆ ಸರಿಯಿರಿ’ ಎನ್ನುವ ಕೆಲಸ ಬಂದದ್ದು ಅದೇ ಮೊದಲು.

ಗಡಿಯಲ್ಲಿ ಗುಂಡಿನ ಕಾಳಗ ನಡೆದ ವಾರ. ಸತ್ತ ಯೋಧರಲ್ಲಿ ನಮ್ಮ ಜಿಲ್ಲೆಯ ಮಂಜೇಶನೂ ಇದ್ದ. ಅರಕಲಗೂಡು ತಾಲ್ಲೂಕು, ಮಲ್ಲಿಪಟ್ಟಣ ಹೋಬಳಿಯ ಹುಡುಗ. ಮನೆಯಲ್ಲಿ ತಾಯಿ ಪುಟ್ಟಮ್ಮ, ಅಣ್ಣ, ಅತ್ತಿಗೆ. ಪಾರ್ಥಿವ ಶರೀರ ಬರುವ ದಿನ ಬೆಳಿಗ್ಗೆ ಮೇಲಧಿಕಾರಿಯೊಬ್ಬರ ಫೋನು ಬಂತು.

“ಶವಪೆಟ್ಟಿಗೆಯ ಚಿತ್ರ ಎಲ್ಲೂ ಬರಕೂಡದು. ಪುಷ್ಪಗುಚ್ಛದ ಫೋಟೊ ನಾವೇ ತೆಗೆದು ಕೊಡೋಣ. ಅಷ್ಟು ಸಾಕು.”

ಲಿಖಿತ ಆದೇಶ ಕಳಿಸುತ್ತೀರಾ ಎಂದೆ. “ಸದ್ಯಕ್ಕೆ ಮೌಖಿಕ” ಎಂದರು. ಮೌಖಿಕ ಆದೇಶದ ಗುಣ ನೌಕರರಿಗೆಲ್ಲ ಗೊತ್ತು: ಸರಿಹೋದರೆ ಕೊಟ್ಟವರದು, ಎಡವಟ್ಟಾದರೆ ಪಾಲಿಸಿದವನದು. ಕಾರಣ ಹೇಳಲಿಲ್ಲ. ಸಾಲು ಸಾಲು ಪೆಟ್ಟಿಗೆ ನೋಡಿದರೆ ಜನ ಪ್ರಶ್ನೆ ಕೇಳುತ್ತಾರೆ ಎಂಬ ಅಂಜಿಕೆ ಇದ್ದಿರಬೇಕು. ಆದರೂ ನನಗೆ ಆ ಮಾತು ಪೂರ್ತಿ ತಪ್ಪೆನಿಸಲಿಲ್ಲ. ಗೋಳಾಡುವ ತಾಯಂದಿರ ಮುಖಕ್ಕೆ ಮೈಕು ಹಿಡಿದು ‘ಏನನ್ನಿಸ್ತಿದೆ ಅಮ್ಮ’ ಎಂದು ಕೇಳುವವರನ್ನು ಕಂಡು ನನಗೂ ಮೈ ಉರಿದಿತ್ತು.

ಸೇನೆಯ ಮುಚ್ಚಿದ ವಾಹನ ಚನ್ನರಾಯಪಟ್ಟಣ ದಾಟಿ, ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಬಂತು. ದಾರಿಯುದ್ದಕ್ಕೂ ಜನ ಹೂವು ಎರಚಿದರು. ಊರಿನ ಹಾಲಿನ ಡೇರಿಯ ಹತ್ತಿರ ಹಗ್ಗ ಕಟ್ಟಿಸಿ ಪತ್ರಿಕೆಯವರನ್ನೆಲ್ಲ ಅಲ್ಲೇ ನಿಲ್ಲಿಸಿದೆ. ಮನೆಯಂಗಳಕ್ಕೆ ನೆಂಟರನ್ನು ಮಾತ್ರ ಬಿಟ್ಟೆವು. ಅವರ ಮೊಬೈಲುಗಳನ್ನೂ ಪೊಲೀಸರು ಜೇಬಿಗೆ ಹಾಕಿಸಿದರು. ವ್ಯವಸ್ಥೆ ಅಚ್ಚುಕಟ್ಟಾಗಿದೆ ಎಂದು ನಾನೇ ಬೀಗಿದೆ.

ತೊಡಕು ಎದ್ದದ್ದು ಅಂಗಳದಲ್ಲಿ. ತ್ರಿವರ್ಣ ಹೊದಿಸಿದ ಪೆಟ್ಟಿಗೆಯನ್ನು ಚಪ್ಪರದಡಿ ಇಟ್ಟಿದ್ದರು. ತೆರೆಯುವ ಸ್ಥಿತಿಯಲ್ಲಿಲ್ಲ ಎಂದು ಜೊತೆಗೆ ಬಂದಿದ್ದ ಸೇನೆಯ ಸುಬೇದಾರರು ಮೊದಲೇ ತಿಳಿಸಿದ್ದರು. ಹೊತ್ತು ಮುಳುಗುವುದರೊಳಗೆ ಸರ್ಕಾರಿ ಗೌರವ ಮುಗಿಯಬೇಕು. ಬಂದೂಕಿನ ತುಕಡಿ ಹೊಲದಲ್ಲಿ ಕಾಯುತ್ತಿತ್ತು. ಎತ್ತಲು ಹೋದರೆ ಪುಟ್ಟಮ್ಮ ಪೆಟ್ಟಿಗೆಯ ಮೇಲೆ ಕೈ ಊರಿ ಕೂತುಬಿಟ್ಟರು.

“ಸ್ವಾಮಿ ಬರ್ಲಿ. ಪೋಟೊ ತಗೀಲಿ. ಆಮ್ಯಾಕ್ ಎತ್ತಿ.”

ನಮ್ಮ ಕಡೆ ಹೆಣ ಎತ್ತುವ ಮುಂಚೆ ಮನೆಯವರೆಲ್ಲ ಸುತ್ತ ಕೂತು ಕಡೆಯದೊಂದು ಫೋಟೊ ತೆಗೆಸಿಕೊಳ್ಳುವುದು ವಾಡಿಕೆ. ಬೇರೆ ಸೀಮೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಅದಿಲ್ಲದಿದ್ದರೆ ಸತ್ತವರನ್ನು ಸರಿಯಾಗಿ ಕಳಿಸಿಕೊಟ್ಟ ಹಾಗಲ್ಲ. ಇಷ್ಟು ಗೊತ್ತಿದ್ದೂ ನನಗೆ ಅದು ಹೊಳೆದಿರಲಿಲ್ಲ.

“ಫೋಟೊ ತೆಗೆಯುವ ಹಾಗಿಲ್ಲವಮ್ಮ, ಆದೇಶ ಇದೆ” ಎಂದೆ. ಪುಟ್ಟಮ್ಮ ಪಡಸಾಲೆಯ ಗೋಡೆ ತೋರಿಸಿದರು.

“ನಮ್ಮತ್ತೇದು ಐತೆ, ಯಜಮಾನ್ರುದು ಐತೆ. ದೇಸುಕ್ಕೆ ಅಂತ ಸತ್ತೋನ್ದು ಮಾತ್ರ ಬ್ಯಾಡ್ವಾ, ಸಾ?”

ಸ್ವಾಮಿ ಯಾರೆಂದು ಮಂಜೇಶನ ಅಣ್ಣನನ್ನು ವಿಚಾರಿಸಿದೆ. “ಸ್ಟುಡಿಯೊ ಸ್ವಾಮಿ ಸಾ. ಮಂಜ ಮಿಲ್ಟ್ರಿಗೆ ಅರ್ಜಿ ಹಾಕ್ದಾಗ್ಲೂ ಅವ್ನೇ ಪೋಟೊ ತಗ್ದಿದ್ದು. ಡೇರಿ ತಾವ ನೀವೇ ತಡ್ದಿದ್ದೀರಂತೆ.”

ನಿಜ. ಮಲ್ಲಿಪಟ್ಟಣದ ಸ್ಟುಡಿಯೊ ಮಾಲೀಕ ಸ್ವಾಮಿ ಒಂದು ಪತ್ರಿಕೆಗೆ ಅರೆಕಾಲಿಕ ವರದಿಗಾರನೂ ಹೌದು. ನನಗೆ ಅವನ ಈ ಎರಡನೇ ಮುಖವಷ್ಟೇ ಗೊತ್ತಿತ್ತು. ಮನೆಯವರು ಕರೆಸಿದವನನ್ನೇ ಪತ್ರಿಕೆಯವನೆಂದು ಹಗ್ಗದಾಚೆ ನಿಲ್ಲಿಸಿದ್ದೆ. ಈಗ ಒಳಗೆ ಬಿಟ್ಟರೆ, ನಾಳೆ ಆ ಚಿತ್ರ ಮುಖಪುಟಕ್ಕೆ ಬಂದರೆ, ನನ್ನ ಪಿಂಚಣಿಗೇ ಕಲ್ಲು. ಬಿಡದಿದ್ದರೆ ಆ ತಾಯಿಯ ಕೈಯನ್ನು ಪೊಲೀಸರಿಂದ ಬಿಡಿಸಬೇಕು. ಅದು ನನ್ನಿಂದ ಆಗದ ಕೆಲಸ.

ಡೇರಿಗೆ ಹೋಗಿ ಸ್ವಾಮಿಯನ್ನು ಪಕ್ಕಕ್ಕೆ ಕರೆದೆ. ಅವನು ನೇರವಾಗಿ ಹೇಳಿದ:

“ಪೇಪರ್ಗೆ ಕಳ್ಸಲ್ಲ ಸಾ, ನಮ್ಮನೆ ದೇವ್ರಾಣೆ. ಆದ್ರೆ ಪೋಟೊ ಅವ್ವುಂದು. ಅವ್ರು ಏನಾರ ಮಾಡ್ಕಂಡ್ರೆ ನನ್ ಕೇಳ್ಬ್ಯಾಡಿ.”

ಒಪ್ಪಿದೆ. ಒಳಗೆ ಪುಟ್ಟಮ್ಮ ಸೆರಗು ಸರಿಮಾಡಿಕೊಂಡು, ಪೆಟ್ಟಿಗೆಯ ತಲೆಕಡೆ ನೆಟ್ಟಗೆ ಕೂತರು. ಅಳಲಿಲ್ಲ. ಸ್ವಾಮಿ ಕ್ಯಾಮೆರಾ ಕಣ್ಣಿಗೆ ಹಿಡಿದಾಗ ಒಂದೇ ಮಾತು ಆಡಿದರು: “ಪೆಟ್ಗೆ ಪೂರ್ತಿ ಬರ್ಲಿ ಕಣಪ್ಪ.” ಅತ್ತವನು ನಾನು.

ಫೋಟೊ ಮುಗಿದ ಮೇಲೆ ಪುಟ್ಟಮ್ಮ ತಾವಾಗಿಯೇ ಕೈ ತೆಗೆದರು. ಹೊತ್ತು ಮುಳುಗುವ ಮುಂಚೆಯೇ ಗೌರವವೂ ಮುಗಿಯಿತು. ಮಾರನೆಯ ದಿನ ಎಲ್ಲ ಪತ್ರಿಕೆಗಳಲ್ಲೂ ಪುಷ್ಪಗುಚ್ಛವೊಂದೇ. ಸ್ವಾಮಿ ಮಾತಿಗೆ ತಪ್ಪಲಿಲ್ಲ.

ಹನ್ನೊಂದನೆಯ ದಿನ ತಿಥಿ. ಆವತ್ತೇ ಮೇಲಿನವರ ಫೋನು, ಈ ಸಲ ಕೂಗಾಟ. ಅರಕಲಗೂಡು ಬಸ್ ನಿಲ್ದಾಣದ ಎದುರು ಆಳೆತ್ತರದ ಫ್ಲೆಕ್ಸ್ ನಿಂತಿತ್ತು: ಪುಟ್ಟಮ್ಮ, ಅವರ ಕೈ, ಅದರಡಿ ಪೂರ್ತಿ ಪೆಟ್ಟಿಗೆ. ಕೆಳಗೆ ಮಗನ ಹೆಸರು, ತಿಥಿಗೆ ಬರಬೇಕೆಂಬ ಕೋರಿಕೆ. ಮನೆಯವರು ಪಟ್ಟಣ ಪಂಚಾಯಿತಿಯ ಅನುಮತಿ ಪಡೆದೇ ಕಟ್ಟಿಸಿದ್ದರು. ಬಸ್ಸಿಳಿದವರೆಲ್ಲ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು.

ತಿಥಿಯ ಮನೆಗೇ ಹೋಗಿ, ಫ್ಲೆಕ್ಸ್ ಯಾಕೆ ಕಟ್ಟಿಸಿದಿರಿ ಎಂದು ಪುಟ್ಟಮ್ಮನವರನ್ನು ಕೇಳಿದೆ. ಅವರಿಗೆ ಕೋಪವಿರಲಿಲ್ಲ. ನನ್ನನ್ನು ಕೂರಿಸಿ, ಎಲೆ ಹಾಕಿಸಿ, ಹೇಳಿದರು:

“ಪೇಪರ್ನಾಗೆ ಬರೀ ಊವ ಹಾಕಿದ್ರಲ್ಲ ಸಾ. ಊವಿನ್ ಕೆಳ್ಗೆ ನನ್ ಮಗ ಅವ್ನೆ ಅಂತ ಜನುಕ್ ಎಂಗ್ ಗೊತ್ತಾಯ್ತದೆ?”

ಊಟ ಮುಗಿಸಿ, ಅಲ್ಲಿಂದಲೇ ಮೇಲಧಿಕಾರಿಗೆ ಫೋನು ಮಾಡಿದೆ. “ಫ್ಲೆಕ್ಸ್ ತಾಯಿಯದು ಸರ್. ಇಳಿಸಬೇಕಾದರೆ ಲಿಖಿತ ಆದೇಶ ಕಳಿಸಿ” ಎಂದೆ. ಆ ಆದೇಶ ನಾನು ನಿವೃತ್ತನಾಗುವವರೆಗೂ ಬರಲಿಲ್ಲ.

ಚಿತ್ರ ಬರಬೇಕೋ ಬೇಡವೋ ಎಂಬ ಜಗಳ ಸರ್ಕಾರಕ್ಕೂ ಪತ್ರಿಕೆಗಳಿಗೂ ನಡುವಿನದು ಎಂದೇ ನಾನು ತಿಳಿದಿದ್ದೆ. ಎರಡು ಕಡೆಯವರೂ ಪುಟ್ಟಮ್ಮನವರನ್ನು ಒಂದು ಮಾತು ಕೇಳಿರಲಿಲ್ಲ. ಉಳಿದ ಎರಡು ವರ್ಷ, ಸಾವಿನ ಮನೆಗೆ ಹೋದಾಗಲೆಲ್ಲ ಮೊದಲು ಬಾಗಿಲಲ್ಲಿ ನಿಂತು ಮನೆಯವರನ್ನು ಕೇಳಿದೆ. ಬೇಡ ಎಂದ ಕಡೆ ಒಂದು ಕ್ಯಾಮೆರಾವನ್ನೂ ಒಳಗೆ ಬಿಡಲಿಲ್ಲ. ಬನ್ನಿ ಎಂದ ಕಡೆ ನಾನೇ ಜನರನ್ನು ಸರಿಸಿ, ಪೆಟ್ಟಿಗೆ ಪೂರ್ತಿ ಬರುವಷ್ಟು ಜಾಗ ಬಿಡಿಸಿದೆ.