ಅವ್ವ ಒತ್ತಿದ ಎಲೆ

ಉಪ್ಪಿನ ಕುಡಿಕೆಯ ಬಾಯೊಳಗೆ ಇಡೀ ಕೈ ಹಿಡಿಸುವಷ್ಟು ನಾನು ಚಿಕ್ಕವನಿದ್ದಾಗ, ಭೈರುಂಬೆಯ ಹತ್ತಿರ ನಮ್ಮದು ಮಡಕೆ ಮಾಡುವ ಮನೆ. ಅಪ್ಪ ತಿಗರಿ ತಿರುಗಿಸಿ ಅಳಗೆ, ಬೋಗುಣಿ, ಕುಡಿಕೆ ಎತ್ತುತ್ತಿದ್ದ. ಅವ್ವ ಅವುಗಳ ಹಸಿ ಹೊಟ್ಟೆಯ ಮೇಲೆ ಸಾಗವಾನಿಯ ಎಳೆ ಎಲೆಯಿಟ್ಟು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಎರಡು ಮೂರು ದಿನದಲ್ಲಿ ಎಲೆ ಒಣಗಿ ತಾನಾಗಿ ಉದುರುತ್ತಿತ್ತು. ಅದರ ಒಂದೊಂದು ನರವೂ ಮಣ್ಣಿನಲ್ಲಿ ಉಳಿಯುತ್ತಿತ್ತು.

ಒಂದು ವರ್ಷ ಅವ್ವ ಎರಡೇ ದಿನದ ಜ್ವರಕ್ಕೆ ತೀರಿಕೊಂಡಳು. ಹಾಸಿಗೆ ಹಿಡಿಯುವ ಮುಂಚೆ ಅವಳು ಕೊನೆಯದಾಗಿ ಎಲೆ ಒತ್ತಿದ್ದು ನಮ್ಮ ಮನೆಯದೇ ಉಪ್ಪಿನ ಕುಡಿಕೆಗೆ. ಎಲೆಯ ತೊಟ್ಟಿನ ಪಕ್ಕ ಅವಳ ಹೆಬ್ಬೆರಳಿನ ಗುರುತಿತ್ತು.

ಸೂತಕ ಕಳೆಯುವವರೆಗೆ ಮಡಕೆ ಸುಡುವ ಆವಿಗೆ ಹಚ್ಚುವಂತಿರಲಿಲ್ಲ. ಮಾರಲೆಂದು ಮಾಡಿದ ಉಳಿದ ಮಡಕೆಗಳ ಎಲೆಗಳೆಲ್ಲ ಉದುರಿದವು. ಅವ್ವನ ಎಲೆಯ ತುದಿಯೂ ಸುರುಳಿಯಾಗತೊಡಗಿತು. ಅದೂ ಬಿದ್ದರೆ ಅವ್ವ ಪೂರ್ತಿ ಹೋದಂತೆ ಎಂದುಕೊಂಡೆ. ಅರ್ಧ ಕೆಲಸವಾದ ಮಡಕೆ ಒಣಗದಿರಲಿ ಎಂದು ಅವ್ವ ಒದ್ದೆ ಬಟ್ಟೆ ಹೊದಿಸುತ್ತಿದ್ದುದನ್ನು ನೋಡಿದ್ದೆ. ಅಪ್ಪ ಕಟ್ಟಿಗೆಗೆ ಹೋದಾಗಲೆಲ್ಲ ಅವಳ ಸೀರೆಯ ತುಂಡೊಂದನ್ನು ನೀರಲ್ಲಿ ಅದ್ದಿ ಎಲೆಗೆ ಹೊದಿಸಿದೆ. ಎಲೆ ಕಪ್ಪಾಯಿತು, ಆದರೆ ಬೀಳಲಿಲ್ಲ.

ಆವಿಗೆ ಹಚ್ಚುವ ದಿನ ಅಪ್ಪ ಒಂದೊಂದೇ ಮಡಕೆಯನ್ನು ಕೆನ್ನೆಗೆ ತಾಗಿಸಿ ನೋಡಿ ಜೋಡಿಸಿದ. ತಣ್ಣಗೆ ಹತ್ತಿದರೆ ಒಳಗೆ ಇನ್ನೂ ಹಸಿಯಿದೆ ಎಂದು ಅರ್ಥ. ಅವ್ವನ ಕುಡಿಕೆಯನ್ನು ಬಹಳ ಹೊತ್ತು ಹಿಡಿದುಕೊಂಡ. ಆದರೆ ಆವತ್ತು ಅವನ ಕೆನ್ನೆಯೇ ಒದ್ದೆಯಾಗಿತ್ತು.

"ನಿಮ್ಮವ್ವನ ಹಂಗೇ ಹಟಮಾರಿ ಇದು. ಎಲೆ ಬಿಡೂದೇ ಇಲ್ಲ" ಎಂದು ಮಡಕೆ ಎತ್ತಿಕೊಡುತ್ತಿದ್ದ ನನ್ನ ಅಕ್ಕನಿಗೆ ಹೇಳಿ, ಅದನ್ನು ನಟ್ಟನಡುವೆ ಇಟ್ಟ.

ಹುಲ್ಲು, ಬೆರಣಿ ಹೊತ್ತಿಕೊಂಡು ಹೊಗೆ ಎದ್ದಿತು. ಹಸಿ ಉಳಿದ ಮಡಕೆ ಬೆಂಕಿಯಲ್ಲಿ ಸಿಡಿಯುತ್ತದೆ ಎಂದು ಅಕ್ಕ ಹೇಳಿದ್ದು ಆಗ. ನಾನು ಅಪ್ಪನ ಪಂಚೆ ಹಿಡಿದು ಜಗ್ಗಿದೆ.

"ಅಪ್ಪಾ, ಅವ್ವಂದು ತೆಗಿ. ಅದೊಂದು ತೆಗಿ."

"ಹಚ್ಚಿದ ಮ್ಯಾಲೆ ತೆಗಿಯೂಕೆ ಆಗ್ತದನ, ತಮಾ? ಸುಮ್ನಿರು."

ಕಾವಿಗೆ ಮುಖ ಸುಡುತ್ತಿದ್ದರೂ ಅಲ್ಲೇ ನಿಂತೆ. ಮಧ್ಯಾಹ್ನ ಒಳಗಿಂದ ಟಪ್ಪೆಂದು ಸದ್ದು ಬಂತು. ಒಂದೇ ಸಲ.

ಮರುದಿನ ಅಪ್ಪ ಬೂದಿಯಲ್ಲಿ ಅವ್ವನ ಕುಡಿಕೆಯ ಚೂರು ಹೆಕ್ಕುತ್ತ, "ನನ್ನ ಕೆನ್ನೆಗೆ ಗೊತ್ತಾಗ್ಲಿಲ್ಲ" ಎಂದ. ಸಾಯುವವರೆಗೂ ಅದನ್ನೇ ಹೇಳಿದ. ನಾನು ಬಾಯಿ ಬಿಡಲಿಲ್ಲ. ಒದ್ದೆ ಬಟ್ಟೆ ಅಕ್ಕನ ಕೈಗೆ ಸಿಕ್ಕಿತ್ತು, ಅವಳೂ ಹೇಳಲಿಲ್ಲ.

ಕಳೆದ ತಿಂಗಳು ಅಕ್ಕ ತೀರಿಕೊಂಡಳು. ಅವಳ ಉಪ್ಪಿನ ಡಬ್ಬಿಯ ತಳದಲ್ಲಿ ಆ ಕುಡಿಕೆಯ ಚೂರೊಂದು ಸಿಕ್ಕಿತು. ಅರ್ಧ ಎಲೆಯಿದೆ. ಹೆಬ್ಬೆರಳಿನ ಗುರುತಿಲ್ಲ.

ಮಕ್ಕಳೇ, ನಿಮ್ಮ ಫೋನಿನೊಳಗೆ ಅಕ್ಕ ಇನ್ನೂ "ಉಂಡ್ರನಾ ಮಕ್ಳೇ" ಎಂದು ಕೇಳುತ್ತಾಳೆ. ಮೊನ್ನೆ ಹತ್ತು ಸಲ ಹಾಕಿ ಕೇಳಿದಿರಿ, ದನಿ ಸವೆಯಲಿಲ್ಲ. ನನಗೆ ಅವ್ವನ ದನಿ ಹೇಗಿತ್ತೆಂಬುದೇ ನೆನಪಿಲ್ಲ. ನಮ್ಮಲ್ಲಿ ಅವಳದೆಂದು ಉಳಿದದ್ದು ಒಂದು ಎಲೆ. ಅದಕ್ಕೆ ನಾನು ನೀರು ಹಾಕಿದೆ.